ಹದ್ದಿನಬಂಡೆಯಿಂದ ನಡೆದು ಇಳಿದವಳು

ನೀಲಗಂಗಾಳ ಎಡಮೊಣಕಾಲು ನಡುಗುತ್ತಿತ್ತು. ನಾನು ಅವಳನ್ನು ಮೊದಲ ಬಾರಿಗೆ ಹತ್ತಿರದಿಂದ ಕಂಡದ್ದು ಹಾಗೆ. ಸೈಕಲ್ಲಿನ ಮುಂದಿನ ಗಾಲಿಯನ್ನು ಗುಡ್ಡದ ಸಣ್ಣ ಬಂಡೆಯೊಂದರ ಅಂಚಿಗೆ ತಂದು ನಿಲ್ಲಿಸಿ, ಬಲಗಾಲನ್ನು ನೆಲಕ್ಕೂ ಎಡಗಾಲನ್ನು ಪೆಡಲಿಗೂ ಊರಿ ಅವಳು ನಿಂತಿದ್ದಳು. ಕೆಳಗೆ ನೆರೆದವರಿಗೆ ಕಾಣುತ್ತಿದ್ದುದು ಹೆಲ್ಮೆಟ್ಟು, ಅಗಲವಾದ ಹ್ಯಾಂಡಲ್ಲು, ಅವುಗಳ ಹಿಂದಿನ ಆಕಾಶ, ಅಷ್ಟೇ. ಗುಡ್ಡದ ಚಿತ್ರ ಬರೆಯಲೆಂದು ಮೇಲೆ ಹತ್ತಿ ಕುಳಿತಿದ್ದ ನನಗೆ ಮಾತ್ರ ಆ ಮೊಣಕಾಲು ಕಾಣುತ್ತಿತ್ತು. ಮಳೆಗೆ ನೆನೆದ ಕರುವಿನ ಮೈಯಂತೆ ಅದು ತಾನೇ ತಾನಾಗಿ ಅದುರುತ್ತಿತ್ತು.

"ಬ್ಯಾಡ್ರಿ, ಇಳೀರಿ" ಎಂದೆ, ಅವಳು ನನ್ನನ್ನು ಕೇಳದಿದ್ದರೂ.

ಅವಳು ತಿರುಗಿ ನೋಡಲಿಲ್ಲ. "ತಡೀರಿ. ಅದು ನಿಲ್ಲಲಿ" ಎಂದಳು.

ನಡುಕ ಮೊಣಕಾಲಿನಿಂದ ಮೀನಖಂಡಕ್ಕೆ, ಅಲ್ಲಿಂದ ಹಿಮ್ಮಡಿಗೆ ಇಳಿಯಿತು. ಪೆಡಲಿನ ಮೇಲೆ ಒಂದು ಕ್ಷಣ ಹೊರಳಾಡಿ ನಿಂತಿತು. ಆಮೇಲೆ ಅವಳು ಬಂಡೆಯಿಂದ ಹಾರಿ ಹೋದಳು. ನನ್ನ ಕೈಯಲ್ಲಿದ್ದ ಪೆನ್ಸಿಲು ಯಾವಾಗ ಕೆಳಗೆ ಬಿತ್ತೋ ನನಗೆ ತಿಳಿಯಲಿಲ್ಲ.

ಮದುವೆಯಾದ ಮೇಲೆ ಒಮ್ಮೆ ಕೇಳಿದೆ. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಏಣಿ ಹತ್ತಿ ಗೋಡೆಗೆ ಮೊಳೆ ಹೊಡೆಯಲೂ ಹಿಂಜರಿಯುವವನು. "ಅಷ್ಟು ಅಂಜಿಕಿ ಇದ್ರ ಯಾಕ ಹಾರ್ತಿ?"

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ತಿರುಗಿ ನನ್ನನ್ನೇ ಕೇಳಿದಳು: "ಅಂಜಿಕಿ ಇಲ್ಲದ ಹೆಂಗ ಹಾರೂದು? ಅದು ಬಂದ್ರನ ನನಗ ಎಲ್ಲಾ ಕಾಣತೈತಿ. ಗಾಳಿ ಯಾ ಕಡಿಂದ ಐತಿ, ಕಲ್ಲು ಎಷ್ಟು ದೂರ ಐತಿ, ಬಿದ್ರ ಎಲ್ಲಿ ಬೀಳಬೇಕು. ಕಾಲು ನಿಂತಿತಂದ್ರ ನೋಡೂದು ಮುಗೀತು ಅಂತ. ಆಮ್ಯಾಲ ಬರೇ ಹೋಗೂದು."

ಅವಳ ಕಸುಬನ್ನು ನೆಂಟರಿಷ್ಟರಿಗೆ ತಿಳಿಸಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. ಸೈಕಲ್ ಎಂದ ಕೂಡಲೇ ಅವರು ರೇಸ್ ಎನ್ನುತ್ತಿದ್ದರು. ರೇಸ್ ಅಲ್ಲ, ಫ್ರೀರೈಡ್ ಎಂದು ನಾನು ಹೇಳುತ್ತಿದ್ದೆ. ಹಾದಿ ಇರುವುದಿಲ್ಲ, ಗಡಿಯಾರ ಇರುವುದಿಲ್ಲ. ಗುಡ್ಡದ ಮೇಲಿಂದ ಕೆಳಗಿನವರೆಗೆ ತನ್ನ ದಾರಿಯನ್ನು ಸವಾರಳೇ ಹುಡುಕಿಕೊಳ್ಳಬೇಕು. ಬಂಡೆಯಿಂದ ಬಂಡೆಗೆ ಹಾರಬೇಕು, ಹಾರಿದ್ದು ನೋಡಿದವರ ಕಣ್ಣಲ್ಲಿ ಉಳಿಯಬೇಕು. "ಹಂಗಾರ ಯಾರನ್ನ ಸೋಲಸ್ತಾಳ?" ಎಂದು ನನ್ನ ಸೋದರಮಾವ ಕೇಳಿದ್ದರು. ಯಾರನ್ನೂ ಇಲ್ಲ ಎಂದಾಗ ಅವರು ನನ್ನನ್ನು ಕನಿಕರದಿಂದ ನೋಡಿದರು.

ಆ ಒಂದು ಹಾರಾಟದ ಹಿಂದೆ ಎಷ್ಟು ಮಣ್ಣು ಹೊರಬೇಕಾಗುತ್ತದೆ ಎಂಬುದು ನನಗೂ ಮದುವೆಗೆ ಮೊದಲು ತಿಳಿದಿರಲಿಲ್ಲ. ವರ್ಷದ ಬಹುಪಾಲು ಅವಳ ಕೈಯಲ್ಲಿ ಹ್ಯಾಂಡಲ್ಲಿಗಿಂತ ಸಲಿಕೆಯೇ ಹೆಚ್ಚು ಇರುತ್ತಿತ್ತು. ಹಾರುವ ದಿಬ್ಬವನ್ನು ಕಟ್ಟುವುದು, ಇಳಿಯುವ ಇಳಿಜಾರನ್ನು ಕಡಿದು ನುಣುಪು ಮಾಡುವುದು, ನೀರು ಚಿಮುಕಿಸಿ ಬಡಿಯುವುದು. ಸೈಕಲ್ ಮುಟ್ಟುವ ಮೊದಲು ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಮತ್ತೆ ಮತ್ತೆ ನಡೆಯುತ್ತಿದ್ದಳು, ಕೆಲವೊಮ್ಮೆ ಕಣ್ಣು ಮುಚ್ಚಿಕೊಂಡು. ಒಮ್ಮೆ ಬಿದ್ದು ಮುರಿದ ಕೊರಳೆಲುಬಿಗೆ ಹಾಕಿದ್ದ ಉಕ್ಕಿನ ಪಟ್ಟಿ ಚಳಿಗಾಲದಲ್ಲಿ ನೋಯುತ್ತಿತ್ತು. ಹಾರುವ ದಿನ ಸಂಜೆಯವರೆಗೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಮೊಸರು ಕಲಸಿದ ಅವಲಕ್ಕಿಯನ್ನು ಕೂಡ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು.

ನಮ್ಮ ಊರಿನ ನೆತ್ತಿಯ ಮೇಲೆ ಹದ್ದಿನಬಂಡೆ ಎಂದು ಒಂದು ಕೆಂಪು ಬಂಡೆಯಿದೆ. ಅದರೆದುರು ತುಸು ತಗ್ಗಿನಲ್ಲಿ ಇನ್ನೊಂದು. ನಡುವೆ ಕೊರಕಲು, ಅದರ ತಳದಲ್ಲಿ ಮುಳ್ಳುಕಂಟಿ, ಒಡೆದ ಕಲ್ಲು. ಆ ಕೊರಕಲನ್ನು ಸೈಕಲ್ಲಿನ ಮೇಲೆ ಯಾರೂ ದಾಟಿರಲಿಲ್ಲ. ನೀಲಾ ಅದನ್ನು ಸಣ್ಣವಳಿದ್ದಾಗಿನಿಂದ ನೋಡುತ್ತ ಬಂದಿದ್ದಳು. ಸೈಕಲ್ ಕಂಪನಿಯ ಪರವಾಗಿ ಅವಳ ಕೆಲಸ ನೋಡಿಕೊಳ್ಳುತ್ತಿದ್ದ ಧನಂಜಯ ಎಂಬಾತ ಒಂದು ಮಳೆಗಾಲದಲ್ಲಿ ಬಂದು ಬಂಡೆಯನ್ನು ನೋಡಿದ. ಒಳ್ಳೆಯ ಮನುಷ್ಯ, ಅವಳು ಬಿದ್ದಾಗಲೆಲ್ಲ ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಪಕ್ಕ ನನ್ನೊಂದಿಗೆ ಕುಳಿತವನು. "ಇದನ್ನ ನೀವು ಹಾರಿದ್ರ, ನೀಲಾ, ಇದಕ್ಕ ನಿಮ್ಮ ಹೆಸರ ಬೀಳತೈತಿ" ಎಂದ. ಮಳೆ ನಿಂತ ಮೇಲೆ ದಿಬ್ಬ ಕಟ್ಟುವ ಕೆಲಸ ಮೊದಲಾಯಿತು. ರಜೆಯ ದಿನ ನಾನೂ ಬುಟ್ಟಿ ಹೊತ್ತೆ.

ಆ ದಿನಗಳಲ್ಲೇ ನನಗೆ ಏನೋ ವಿಚಿತ್ರವೆನಿಸತೊಡಗಿತು. ಆದರೆ ಅದನ್ನು ಗುರುತಿಸಿ ಹೆಸರಿಡಲು ಆಗಲಿಲ್ಲ. ಅವಳು ಅಭ್ಯಾಸಕ್ಕೆ ಹೊರಡುವ ಮೊದಲೇ ಹೊಟ್ಟೆ ತುಂಬ ರೊಟ್ಟಿ ತಿನ್ನತೊಡಗಿದ್ದಳು. ಒಳ್ಳೆಯದೇ ಅಲ್ಲವೇ ಎಂದುಕೊಂಡೆ. ಒಂದು ಸಂಜೆ ಸಂತೆಯಿಂದ ಬರುವಾಗ ಲಾರಿಯೊಂದು ಮೈಮೇಲೆಯೇ ಬಂದಂತೆ ಹಾದುಹೋಯಿತು. ನಾನು ಚರಂಡಿಗೆ ಹಾರಿದೆ. ಅವಳು ನಿಂತಲ್ಲೇ ನಿಂತಿದ್ದಳು. ಅವಳ ಸೆರಗು ಲಾರಿಯ ಹಿಂದೆ ಹಾರಿ ಮತ್ತೆ ಇಳಿಯಿತು. ಅವಳು ಲಾರಿಯತ್ತ ಅಲ್ಲ, ನನ್ನತ್ತ ನೋಡುತ್ತಿದ್ದಳು, ನಾನು ಮಾಡಿದ್ದೇನು ಎಂದು ತಿಳಿಯದವಳಂತೆ.

"ನಿಮಗ ಹೊಟ್ಟ್ಯಾಗ ಏನಾತು ಈಗ?" ಎಂದು ಕೇಳಿದಳು.

"ಏನಾಗೂದು? ಜೀವ ಬಾಯಿಗಿ ಬಂತು."

"ಹೌದಾ" ಎಂದಳು. ಸಂತೆಯ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಮುಂದೆ ನಡೆದಳು.

ಧನಂಜಯ ಮಾತ್ರ ಹಿಗ್ಗಿಹೋಗಿದ್ದ. ಸಣ್ಣ ಬಂಡೆಗಳ ಮೇಲಿನ ಅಭ್ಯಾಸದಲ್ಲಿ ಅವಳು ಈಗ ನಿಲ್ಲುತ್ತಲೇ ಇರಲಿಲ್ಲ; ಅಂಚಿಗೆ ಬಂದವಳೇ ಹಾರಿಬಿಡುತ್ತಿದ್ದಳು. "ಈ ಸಲ ನಿಮ್ಮ ಆಟನ ಬ್ಯಾರೆ ಆಗೇತಿ. ಹಿಂಗ ಇರ್ರಿ" ಎನ್ನುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಅವಳ ಮುಖದಲ್ಲಿ ಕಂಡದ್ದು ಸಂತೋಷವೋ, ದಾರಿ ತಪ್ಪಿದವರ ಗಲಿಬಿಲಿಯೋ ನನಗೆ ಹೇಳಲಾಗುತ್ತಿರಲಿಲ್ಲ.

ಹಾರುವ ದಿನ ಊರಿಗೆ ಊರೇ ಕೆಳಗೆ ಸೇರಿತ್ತು. ಎದುರು ಬಂಡೆಯ ಮೇಲೆ ಕ್ಯಾಮೆರಾದವರು. ಗಾಳಿ ನೋಡಲು ಕೋಲಿಗೊಂದು ರಿಬ್ಬನ್ ಕಟ್ಟಿ ಹಿಡಿದುಕೊಳ್ಳುವ ಕೆಲಸವನ್ನು ನನಗೆ ಕೊಟ್ಟಿದ್ದರು. ಆದ್ದರಿಂದ ಆ ಬೆಳಿಗ್ಗೆಯೂ ನಾನು ಅವಳ ಪಕ್ಕದಲ್ಲೇ ಇದ್ದೆ. ರಿಬ್ಬನ್ ಅಲುಗುತ್ತಿರಲಿಲ್ಲ. ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎಂದು ನನ್ನಂಥವನಿಗೂ ತಿಳಿಯುವಂತಿತ್ತು.

ಅವಳು ಅಂಚಿಗೆ ಬಂದು ನಿಂತಳು. ನನ್ನ ಕಣ್ಣು ಅಭ್ಯಾಸದಂತೆ ಎಡಮೊಣಕಾಲಿಗೆ ಹೋಯಿತು. ಅದು ಕಲ್ಲಿನ ಹಾಗೆ ನಿಂತಿತ್ತು. ಅವಳೂ ತಲೆ ಬಗ್ಗಿಸಿ ಅದನ್ನೇ ನೋಡುತ್ತಿದ್ದಳು.

ಹೊತ್ತು ಹೋಯಿತು. ವಾಕಿಟಾಕಿಯಲ್ಲಿ ಧನಂಜಯನ ದನಿ ಬಂತು: "ಎಲ್ಲಾ ಸರಿ ಐತಿ. ನಿಮ್ಮ ಮನಸ್ಸಿಗಿ ಬಂದಾಗ."

ಅವಳು ಕಣ್ಣು ಮುಚ್ಚಿದಳು, ತೆರೆದಳು. ಕೊರಕಲಿನತ್ತ ಬಗ್ಗಿ ನೋಡಿದಳು. ಮತ್ತೆ ಕಾಲನ್ನು ನೋಡಿದಳು. ಮಾತು ಮರೆತ ಮನುಷ್ಯ ಎದುರಿಗಿದ್ದವರು ನೆನಪಿಸಲಿ ಎಂದು ಕಾಯುವ ಹಾಗಿತ್ತು ಅದು. ಕೊನೆಗೆ ಸೈಕಲ್ಲಿನಿಂದ ಇಳಿದು, ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಆಡು ಕಾಯುವವರು ತಿರುಗಾಡುವ ಹಿಂದಿನ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಕೆಳಗಿಳಿಯತೊಡಗಿದಳು. ನಾನು ಕೋಲು ಹಿಡಿದುಕೊಂಡೇ ಅವಳ ಹಿಂದೆ ಓಡಿದೆ.

ಅರ್ಧ ದಾರಿಯಲ್ಲಿ ಧನಂಜಯ ಏದುಸಿರು ಬಿಡುತ್ತ ಎದುರಾದ. "ಏನಾತು? ಗಾಡಿ ಏನರ ತ್ರಾಸ ಕೊಡ್ತಾ?"

"ಇಲ್ಲ."

"ಮೈಯಾಗ ಸರಿ ಇಲ್ಲೇನು?"

"ಆರಾಮ ಅದೀನಿ. ಅಂಜಿಕಿ ಬರವಲ್ದು."

ಧನಂಜಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. "ಅಂಜಿಕಿ ಬರಲಿಲ್ಲಂತ ಇಳದ್ರಿ?" ಎಂದು ನಿಧಾನವಾಗಿ ಕೇಳಿದ, ತಾನು ಕೇಳಿಸಿಕೊಂಡದ್ದು ತಪ್ಪಿರಬಹುದು ಎಂಬಂತೆ.

"ಕೆಳಗ ನೋಡಿದ್ರ ಅಂಗಳ ನೋಡಿದಂಗ ಆಗತೈತಿ. ದೂರ ತಿಳಿಯಂಗಿಲ್ಲ. ಅಲ್ಲಿಂದ ಹಂಗ ಸುಮ್ನ ಕಾಲಿಟ್ಟು ನಡಕೊಂತ ಹೋಗಬಹುದು ಅನ್ನಿಸ್ತು." ಅವಳ ದನಿಯಲ್ಲಿ ಅಳುವಿರಲಿಲ್ಲ, ಕಂಪನವಿರಲಿಲ್ಲ. ನಾನು ಅವಳ ತೋಳು ಹಿಡಿದು ದಾರಿಯ ಒಳಬದಿಗೆ ಎಳೆದುಕೊಂಡೆ.

ಊರು ಅದನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡಿತು. ನೀಲಗಂಗಾ ಹೆದರಿ ಇಳಿದಳು ಎಂದಾಯಿತು. ಕಿರಾಣಿ ಅಂಗಡಿಯಲ್ಲಿ ಹೆಂಗಸರು ಅವಳ ಕೈ ಹಿಡಿದು, "ಚಲೋ ಮಾಡಿದಿ ತಂಗಿ, ಜೀವ ದೊಡ್ಡದು" ಎಂದರು. ಅವಳು ಯಾರನ್ನೂ ತಿದ್ದಲಿಲ್ಲ. ಏನೆಂದು ತಿದ್ದುವುದು? ತಲೆಗೆ ಪೆಟ್ಟಾಗಿರಬಹುದೆಂದು ಡಾಕ್ಟರು ಪರೀಕ್ಷಿಸಿ ಏನೂ ಇಲ್ಲವೆಂದರು. ವಿಶ್ರಾಂತಿ ಬೇಕು ಎಂದರು. ಅವಳ ತಾಯಿ ಗಂಗವ್ವ ದೃಷ್ಟಿ ತೆಗೆದು, ಬಸುರಿಯಿರಬಹುದೇ ಎಂದು ನನ್ನನ್ನು ಮರೆಗೆ ಕರೆದು ಕೇಳಿದರು. ಅದೂ ಇರಲಿಲ್ಲ. ಕಾರಣವೇನೆಂದು ನನಗೆ ಇಂದಿಗೂ ಗೊತ್ತಿಲ್ಲ.

ನನ್ನ ಸ್ಥಿತಿಯೂ ವಿಚಿತ್ರವಾಗಿತ್ತು. ಅವಳು ಹಾರುವುದನ್ನು ಬಿಡಲಿ ಎಂದು ನಾನು ಮನಸ್ಸಿನಲ್ಲೇ ಎಷ್ಟು ಬಾರಿ ಬೇಡಿಕೊಂಡಿದ್ದೆನೋ. ಈಗ ಅವಳು ಮನೆಯಲ್ಲಿದ್ದಳು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು, ನೋವಾದ ಮೇಲೆ ಬಿಡುತ್ತಿದ್ದಳು. ಮಾಳಿಗೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಅಕ್ಕಿ ಆರಿಸುತ್ತಿದ್ದಳು. ನಾನು ಪಾಠದ ನಡುವೆ ಎದ್ದು ಮನೆಗೆ ಓಡಿಬಂದು ಅವಳನ್ನು ನೋಡಿ ಹೋಗುವಂತಾಯಿತು. ಗುಡ್ಡದ ಮೇಲಿದ್ದಾಗ ಕಾಡದಿದ್ದ ದಿಗಿಲು ಅಡುಗೆಮನೆಯಲ್ಲಿ ಕಾಡಿತು.

ಮುಂದಿನ ಬೇಸಿಗೆಗೆ ಧನಂಜಯ ಬೇರೊಬ್ಬ ಸವಾರನನ್ನು ಕರೆತಂದ. ಇರ್ಫಾನ್ ನದಾಫ್ ಎಂದು ಹೆಸರು. ಕುಳ್ಳಗೆ, ಬಿಗಿ ಮೈಕಟ್ಟಿನವ. ನೀಲಾ ಕಟ್ಟಿದ ದಿಬ್ಬವನ್ನೇ ಸರಿಮಾಡಿಕೊಂಡರು. ನಾನು ಅವಳನ್ನು ಅತ್ತ ಹೋಗಗೊಡಬಾರದು ಎಂದುಕೊಂಡಿದ್ದೆ. ಅವಳು ನನಗಿಂತ ಮೊದಲೇ ಸಲಿಕೆ ಹೊತ್ತು ಹೊರಟಿದ್ದಳು. ಇರ್ಫಾನನಿಗೆ ಆ ದಾರಿಯನ್ನು ನಡೆದು ತೋರಿಸಿದಳು. ಎದುರು ಬಂಡೆಯ ಯಾವ ಕೆಂಪು ಗೆರೆಯ ಮೇಲೆ ಕಣ್ಣಿಡಬೇಕು, ಗಾಳಿ ಕೊರಕಲಿನಿಂದ ಹೇಗೆ ಮೇಲೇಳುತ್ತದೆ, ಎಲ್ಲವನ್ನೂ ಹೇಳಿದಳು. ಬಚ್ಚಿಟ್ಟುಕೊಳ್ಳಲಿಲ್ಲ.

ಹಾರುವ ಮೊದಲು ಇರ್ಫಾನ್ ಬಂಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಬಂದವನ ತುಟಿ ಬೆಳ್ಳಗಾಗಿತ್ತು. ನಾಚಿಕೆಯಿಂದ, "ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ. ಕೈ ನೋಡ್ರಿ, ನಿಲ್ಲವಲ್ದು" ಎಂದು ನಡುಗುವ ಬೆರಳುಗಳನ್ನು ಚಾಚಿದ.

ನೀಲಾ ಆ ಬೆರಳುಗಳನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಹಸಿದವರು ಬೇರೆಯವರ ತಟ್ಟೆಯನ್ನು ನೋಡುವ ರೀತಿಯನ್ನು ನಾನು ಅವಳ ಕಣ್ಣಲ್ಲಿ ಕಂಡೆ. "ಚಲೋ ಐತಿ" ಎಂದಳು. "ಅದು ನಿಲ್ಲೂತನಕ ಹೋಗಬ್ಯಾಡ. ನಿಂತ ಮ್ಯಾಲ ತಡೀಬ್ಯಾಡ."

ಅವನು ಹಾರಿದ. ಎದುರು ಬಂಡೆಯ ಇಳಿಜಾರಿಗೆ ಎರಡೂ ಗಾಲಿ ಒಟ್ಟಿಗೆ ಮುಟ್ಟಿದವು, ಧೂಳೆದ್ದಿತು, ಧೂಳಿನೊಳಗಿಂದ ಅವನು ನೆಟ್ಟಗೆ ಹೊರಬಂದ. ಊರು ಕೂಗಿತು. ನೀಲಾಳೂ ಚಪ್ಪಾಳೆ ತಟ್ಟಿದಳು. ಬಂಡೆಗೆ ಅವನ ಹೆಸರು ಬಿತ್ತು.

ಮನೆಗೆ ಬರುವಾಗ ಕೇಳಿದಳು: "ನಾನೂ ದಾಟತಿದ್ನೇನು?"

ದಾಟುತ್ತಿದ್ದಳೋ, ಗಾಲಿ ನೆಲ ಬಿಟ್ಟ ಮೇಲೆ ದೂರ ತಿಳಿಯದೆ ಕೊರಕಲಿಗೆ ಬೀಳುತ್ತಿದ್ದಳೋ. ಅವಳು ಇಳಿದು ಬಂದದ್ದು ಸರಿಯೋ ತಪ್ಪೋ ಎಂಬುದಕ್ಕೆ ಇರ್ಫಾನನ ಹಾರಾಟದಲ್ಲಿ ಉತ್ತರವಿರಲಿಲ್ಲ. "ಗೊತ್ತಿಲ್ಲ" ಎಂದೆ. ಸುಳ್ಳು ಹೇಳಲಿಲ್ಲವೆಂದು ಅವಳಿಗೆ ಸಮಾಧಾನವಾದಂತೆ ಕಂಡಿತು.

ಕಂಪನಿಯ ನಂಟು ಮುಗಿಯಿತು. ಅವಳು ಬೇರೆ ಸವಾರರಿಗೆ ದಿಬ್ಬ ಕಟ್ಟಿಕೊಡುವ ಕೆಲಸ ಹಿಡಿದಳು. ಅವಳು ಕಟ್ಟಿದ ಇಳಿಜಾರು ಕೈಬಿಡುವುದಿಲ್ಲ ಎಂದು ಅವರಲ್ಲಿ ಮಾತಿತ್ತು. ತಾನು ಮಾತ್ರ ಹಾರಲಿಲ್ಲ. ತರಕಾರಿ ತರಲು ಸಾದಾ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದಳು, ತಿರುವಿನಲ್ಲಿ ಬ್ರೇಕು ಹಿಡಿಯದೆ.

ಹೀಗಿರುವಾಗ ಅವಳ ಚಿಕ್ಕಮ್ಮನ ಮನೆಯ ಕಾರ್ಯಕ್ಕೆಂದು ನಾವು ಹೊಳೆಯಾಚೆಯ ಊರಿಗೆ ಹೊರಟೆವು. ಸೇತುವೆ ಸುತ್ತುದಾರಿಯಾಗುತ್ತಿತ್ತು. ಹರಿಗೋಲು ಹತ್ತಿದೆವು. ಬೇಸಿಗೆಯ ಹೊಳೆ, ನೀರು ಸೊಂಟ ಮುಟ್ಟುವಷ್ಟೂ ಇರಲಿಲ್ಲ, ತಳದ ಮರಳು ಕಾಣುತ್ತಿತ್ತು. ನಡುನೀರಿಗೆ ಬಂದಾಗ ಹರಿಗೋಲು ಒಂದು ಸುಳಿಗೆ ಸಿಕ್ಕು ಮೆಲ್ಲಗೆ ತಿರುಗಿತು. ದಂಡೆ ಪಕ್ಕಕ್ಕೆ ಸರಿದು ಹಿಂದಕ್ಕೆ ಹೋಯಿತು.

ನನ್ನ ಮುಂಗೈಯಲ್ಲಿ ಚುಚ್ಚಿದಂತಾಯಿತು. ನೀಲಾ ಎರಡೂ ಕೈಯಿಂದ ಅದನ್ನು ಹಿಡಿದಿದ್ದಳು. ಉಗುರು ಚರ್ಮದೊಳಗೆ ಇಳಿದಿತ್ತು. ಅವಳ ಬಾಯಿ ತೆರೆದಿತ್ತು. ಉಸಿರು ತುಂಡು ತುಂಡಾಗಿ ಬರುತ್ತಿತ್ತು.

"ಯಾಕ ತಾಯಿ, ಇಷ್ಟಕ್ಕ ಅಂಜಿದ್ರಿ? ಇಳದ್ರ ನಡಕೊಂತ ಹೋಗಬಹುದು" ಎಂದು ಅಂಬಿಗ ನಕ್ಕ. ಹುಟ್ಟುಗೋಲಿನಿಂದ ತಳದ ಮರಳನ್ನು ಮುಟ್ಟಿ ತೋರಿಸಿ, ಹರಿಗೋಲನ್ನು ನೇರ ಮಾಡಿದ.

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. "ಅಂಜಿಕಿ ಬಂತಾ?"

"ಗೊತ್ತಿಲ್ಲ" ಎಂದಳು. ಕಣ್ಣಲ್ಲಿ ನೀರಾಡುತ್ತಿತ್ತು. "ಅದನೋ, ಬ್ಯಾರೆ ಏನರನೋ. ಗೊತ್ತಾಗವಲ್ದು." ಆಮೇಲೆ ಅಂಬಿಗನತ್ತ ತಿರುಗಿದಳು. "ಅಣ್ಣಾ, ಇನ್ನೊಂದು ಸುತ್ತು ತಿರುಗಸ್ತಿಯೇನು?"

ಅವನಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಮುಖ ನೋಡಿದ. ನಾನು ಆಗಲಿ ಎಂದು ತಲೆಯಾಡಿಸಿದೆ. ಅವನು ಹೆಗಲು ಕುಣಿಸಿ ಹುಟ್ಟನ್ನು ನೀರಿಗಿಳಿಸಿದ. ನಾವು ಹತ್ತಿದ ದಂಡೆ, ಇಳಿಯಬೇಕಾದ ದಂಡೆ, ಮೇಲಿನ ಬಿಳಿ ಆಕಾಶ ಎಲ್ಲವೂ ನಿಧಾನವಾಗಿ ತಿರುಗತೊಡಗಿದವು.