ಟಾಕೀಸಿಗೆ ಬಂದ ಮಾವ

ಟಾಕೀಸಿಗೆ ಹೋಗುವುದೆಂದರೆ ನನಗೆ ಮೊದಲಿನಿಂದಲೂ ತಲೆನೋವು. ದುಡ್ಡು ಕೊಟ್ಟು ಕತ್ತಲಲ್ಲಿ ಕೂತು, ಮುಂದಿನವನ ತಲೆ ನೋಡಿ, ಹಿಂದಿನವನ ಮೊಣಕಾಲಿನಿಂದ ಬೆನ್ನಿಗೆ ಗುದ್ದಿಸಿಕೊಂಡು, ಮೆತ್ತಗಾದ ಪಾಪ್‌ಕಾರ್ನ್ ಅಗಿದು ಬರುವುದಕ್ಕೆ ಮನರಂಜನೆ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟನೋ. ಮದುವೆಯಾದ ಹೊಸದರಲ್ಲಿ ಗಂಡ ಜ್ಞಾನೇಶ್ವರ ಒಮ್ಮೆ ಕರೆದುಕೊಂಡು ಹೋಗಿದ್ದ. ತಿಗಣೆಗಳ ಜೊತೆ ಮೂರು ತಾಸು ಕಳೆದು ಬಂದವಳು, ಈ ಜನ್ಮಕ್ಕೆ ಇಷ್ಟು ಸಾಕು ಎಂದಿದ್ದೆ. ಅಂಥ ನಾನು ಹೋದ ವಾರ ಅತ್ತೆ ಧೂಳಮ್ಮನನ್ನು ಕರೆದುಕೊಂಡು, ಹುಡಗಿ ಎಂಬ ನಮ್ಮೂರಿನಿಂದ ಬಸ್ಸು ಹತ್ತಿ ಬಸವಕಲ್ಯಾಣದ ಟಾಕೀಸಿಗೆ ಹೊರಟಿದ್ದೆ. ತೀರಿಹೋದ ಮಾವ ಒಂದು ಸಿನಿಮಾದಲ್ಲಿ ಇದ್ದಾರೋ ಇಲ್ಲವೋ ನೋಡಬೇಕಾಗಿತ್ತು.

ಮಾವ ಪಂಡರಿ ಕುರಿ ಕಾಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಬಸವಕಲ್ಯಾಣದ ಕಡೆಗೆ ಹೋಗುವುದು ಅವರ ರೂಢಿ. ರೈತರ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ನಮ್ಮ ಮನೆಗೆ ಜೋಳ. ಎರಡು ವರ್ಷದ ಹಿಂದೆ ಹಾಗೆ ಹೋಗಿ ಬಂದವರು, ಕೋಟೆಯ ಹತ್ತಿರ ಸಿನಿಮಾದವರು ತಮ್ಮನ್ನೂ ಕುರಿಗಳನ್ನೂ ಕ್ಯಾಮೆರಾದಲ್ಲಿ ಹಿಡಿದರೆಂದು ಹೇಳಿದರು. ಮಾವ ಒಂದಕ್ಕೆ ಹತ್ತು ಸೇರಿಸಿ ಹೇಳುವ ಆಸಾಮಿ. ತೋಳದ ಬಾಲ ಹಿಡಿದು ತಿರುಗಿಸಿ ಒಗೆದ ಕತೆಯನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೆವು. ಅತ್ತೆ ನಕ್ಕುಬಿಟ್ಟರು. "ನೀವು ಪಿಕ್ಚರಿನಾಗ ಬಂದ್ರ ಹೀರೋ ಕುರಿ ಕಾಯಾಕ ಹೋಗಬೇಕಾಕ್ಕತಿ," ಎಂದರು. ಅಲ್ಲಿಂದ ಮುಂದೆ ಮನೆಯಲ್ಲಿ ಯಾರು ಏನು ಬುರುಡೆ ಬಿಟ್ಟರೂ ಅದಕ್ಕೆ 'ಕೋಟೆ ಪಿಕ್ಚರು' ಎಂದೇ ಹೆಸರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಮಾವ ಎದೆನೋವೆಂದು ಬೇವಿನ ಮರದ ಕೆಳಗೆ ಮಲಗಿದವರು ಏಳಲಿಲ್ಲ. ಆಮೇಲೆ ಅತ್ತೆ ಆ ಮಾತಿಗೆ ನಗುವುದನ್ನು ಬಿಟ್ಟರು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, ಖರೇನೇ ಹೇಳಿದ್ದರೋ ಏನೋ, ಎನ್ನುತ್ತಿದ್ದರು. ಗೋಡೆಯ ಮೇಲಿರುವುದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಫೋಟೋ. ಅದರಲ್ಲಿ ಮಾವ ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳನ ಹಾಗೆ ಕಣ್ಣು ಬಿಟ್ಟಿದ್ದಾರೆ. ಇವರು ಯಾರೋ ಬ್ಯಾರೆಯವರು ಅನಸ್ತಾರ, ಒಮ್ಮೆ ಅವರು ನಡೆದಾಡುವುದನ್ನು ನೋಡಬೇಕು ಎಂದು ಅತ್ತೆ ಹಲುಬುತ್ತಿದ್ದರು.

ಹೀಗಿರುವಾಗ ಜ್ಞಾನೇಶ್ವರ ಬಸವಕಲ್ಯಾಣದಲ್ಲಿ ಒಂದು ಪೋಸ್ಟರು ನೋಡಿ ಬಂದ. ಹೀರೋನ ಹಿಂದೆ ಕೋಟೆ ಬಾಗಿಲು, ಮೂಲೆಯಲ್ಲಿ ಕರ್ರಗೆ ಎಳ್ಳು ಚೆಲ್ಲಿದಂತೆ ಕುರಿ. ಅತ್ತೆ ಆವತ್ತು ಊಟ ಮಾಡಲಿಲ್ಲ. ಕಬ್ಬಿನ ಸೀಜನ್ನು, ಗಂಡನ ಟ್ರ್ಯಾಕ್ಟರು ಹಳ್ಳಿಖೇಡದ ಕಾರ್ಖಾನೆಯ ಸಾಲಿನಲ್ಲಿ ನಿಂತಿತ್ತು. ಹೀಗಾಗಿ ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಬಸವಕಲ್ಯಾಣದ ಟಾಕೀಸಿನ ಮುಂದೆ ಪೋಸ್ಟರು ಇತ್ತು, ಗೇಟಿಗೆ ಬೀಗವೂ ಇತ್ತು. ಒಳಗೆ ಬೀಡಿ ಸೇದುತ್ತ ಕೂತಿದ್ದವನನ್ನು ಕೂಗಿದೆ. ಜನ ಬರುತ್ತಿಲ್ಲವೆಂದು ಆ ಪಿಕ್ಚರನ್ನು ನಿನ್ನೆಯೇ ತೆಗೆದೆವು ಎಂದ. ಮತ್ತೆ ಪೋಸ್ಟರು ಯಾಕಿದೆ ಎಂದರೆ, ಪೋಸ್ಟರು ಹಚ್ಚುವವನು ಬೇರೆ, ತೆಗೆಯುವವನು ಬೇರೆ, ತೆಗೆಯುವವನು ಮದುವೆಗೆ ಹೋಗಿದ್ದಾನೆ ಎಂದ. ನನ್ನ ಗಂಡನ ಫೋನಿನಲ್ಲಿ ಇವತ್ತು ಆಟ ಇದೆಯೆಂದು ತೋರಿಸಿತ್ತಲ್ಲ ಎಂದರೆ, ಫೋನು ತೋರಿಸುತ್ತದೆ, ನಾವು ತೋರಿಸುವುದಿಲ್ಲ ಎಂದ. ಇಂಥವರ ಜೊತೆ ಏನು ಜಗಳ ಆಡುತ್ತೀರಿ? ಕೊನೆಗೆ ಅವನೇ, ಹುಮನಾಬಾದಿನಲ್ಲಿ ಇವತ್ತು ಮಧ್ಯಾಹ್ನ ಕೊನೆಯ ಆಟ ಇದೆ ನೋಡಿ ಎಂದು ಉಪಕಾರ ಮಾಡಿದ.

ಹುಮನಾಬಾದು ನಮ್ಮೂರ ಬಗಲಿಗೇ ಇದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಕತೆ. ಬಂದ ದಾರಿಯಲ್ಲೇ ವಾಪಸು ಹೊರಟೆವು. ಬಸ್ಸಿನಲ್ಲಿ ನಾನು ಟಾಕೀಸಿನವನನ್ನು, ಫೋನನ್ನು, ಗಂಡನನ್ನು ಸರದಿಯ ಮೇಲೆ ಬೈದೆ. ಅತ್ತೆ ಮಡಿಲಲ್ಲಿ ಬುತ್ತಿಯ ಗಂಟು ಗಟ್ಟಿಯಾಗಿ ಹಿಡಿದು ಕೂತಿದ್ದರು.

ಹುಮನಾಬಾದಿನ ಟಾಕೀಸಿನ ಮುಂದೆ ಎರಡು ಸಿನಿಮಾದ ಪೋಸ್ಟರುಗಳಿದ್ದವು. ಟಿಕೀಟು ಕೊಡುವವನು ಕಿಂಡಿಯಿಂದ, "ಯಾರ ಪಿಕ್ಚರ್ ಬೇಕ್ರಿ ಅಮ್ಮಾ?" ಎಂದು ಅತ್ತೆಯನ್ನು ಕೇಳಿದ.

"ನಮ್ಮ ಮನ್ಯಾಗಿನವ್ರದು," ಎಂದರು ಅತ್ತೆ.

ಗಂಡನ ಹೆಸರು ಅವರ ಬಾಯಲ್ಲಿ ಯಾವತ್ತೂ ಬಂದದ್ದಲ್ಲ, ಬರುವಂತೆಯೂ ಇಲ್ಲ. ಅವನು ನನ್ನ ಮುಖ ನೋಡಿದ. ನಾನು ಕೋಟೆಯ ಪೋಸ್ಟರಿನ ಕಡೆಗೆ ಕೈ ಮಾಡಿದೆ. ಹತ್ತು ಜನ ಆಗದಿದ್ದರೆ ಆಟ ಇಲ್ಲ, ಕೂತಿರಿ ಎಂದ. ಕೂತೆವು. ಬುತ್ತಿ ಬಿಚ್ಚಿ ಊಟ ಮುಗಿಸುವಷ್ಟರಲ್ಲಿ ಬಿಸಿಲಿಗೆ ಬೇಸತ್ತ ಒಂದಿಷ್ಟು ಜನ, ತಂಪಿಗೆಂದೋ ನಿದ್ದೆಗೆಂದೋ ಬಂದು ಸೇರಿದರು.

ಒಳಗೆ ಹೋದರೆ ಟಿಕೀಟಿನಲ್ಲಿದ್ದ ನಂಬರು ಕುರ್ಚಿಯಲ್ಲಿ ಇರಲಿಲ್ಲ, ನಂಬರಿದ್ದ ಕಡೆ ಕುರ್ಚಿ ಇರಲಿಲ್ಲ. ಸಿಕ್ಕಲ್ಲಿ ಕೂತೆವು. ನಮ್ಮ ಹಿಂದೆ ಅಡತಿ ಅಂಗಡಿಯ ಶಂಕರಲಿಂಗ ಎಂಬ ಗಟ್ಟಿ ಆಳು ಕೂತಿದ್ದರು. ಅವರ ಹೆಸರು, ಅಂಗಡಿ, ಇವತ್ತಿನ ತೊಗರಿ ಧಾರಣೆ ಎಲ್ಲವೂ ನನಗೆ ಗೊತ್ತಾದದ್ದು ಅವರು ಫೋನಿನಲ್ಲಿ ಮಾತಾಡುತ್ತಲೇ ಇದ್ದುದರಿಂದ. ಸಿನಿಮಾ ಶುರುವಾಯಿತು. ಯಾರೋ ಯಾರನ್ನೋ ಹೊಡೆದರು, ಯಾಕೆಂದು ತಿಳಿಯಲಿಲ್ಲ. ಒಬ್ಬಳು ಅತ್ತಳು, ಹೊಡೆದವನಿಗೋ ಹೊಡೆಸಿಕೊಂಡವನಿಗೋ ಅದೂ ತಿಳಿಯಲಿಲ್ಲ. ಪ್ರತಿಯೊಬ್ಬ ಮುದುಕ ಬಂದಾಗಲೂ ಅತ್ತೆ ನನ್ನ ತೊಡೆ ಚಿವುಟುತ್ತಿದ್ದರು.

ಆಮೇಲೆ ಕೋಟೆ ಬಾಗಿಲು ಬಂತು. ಆಮೇಲೆ ಗಂಟೆ ಕೇಳಿಸಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮಾವ ಎದುರಿಗೆ ಬಂದರೆ ಸೊಸೆಯಾದವಳು ಎದ್ದು ನಿಲ್ಲಬೇಕು, ತಲೆ ಮೇಲೆ ಸೆರಗು ಎಳೆದುಕೊಳ್ಳಬೇಕು, ನೆಲ ನೋಡಬೇಕು. ನಾಲ್ಕು ಜನರ ನಡುವೆ ಗಂಡ ಬಂದರೆ ಹೆಂಡತಿಗೂ ಅದೇ. ಮಾವನ ಹಿಂಡಿನ ಮುಂದೆ ಸರದಾರ ಎಂಬ ಹೋತ ಇತ್ತು, ಒಂದು ಕೊಂಬು ಮುರಿದದ್ದು, ಕೊರಳಲ್ಲಿ ಒಡಕು ದನಿಯ ಗಂಟೆ. ಸಂಜೆ ಆ ಗಂಟೆ ಓಣಿಯಲ್ಲಿ ಕೇಳಿಸಿದರೆ ಸಾಕು, ಹಿಂದೆಯೇ ಮಾವ ಬರುತ್ತಾರೆಂದು ನಾವಿಬ್ಬರೂ ಇದ್ದಲ್ಲೇ ಎದ್ದು ನಿಲ್ಲುತ್ತಿದ್ದೆವು. ಹಾಗಾಗಿ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಮಾವನ ಪಾದ, ರೊಟ್ಟಿ ತೆಗೆದುಕೊಳ್ಳುವ ಕೈ, ಗೋಡೆಯಾಚೆಯ ನಗು ಗೊತ್ತೇ ಹೊರತು ಮುಖವನ್ನು ನೆಟ್ಟಗೆ ನೋಡಿದ್ದೇ ಇಲ್ಲ.

ಪರದೆಯ ಮೇಲೆ ಮುರಿದ ಕೊಂಬಿನ ಸರದಾರ ದೊಡ್ಡದಾಗಿ ಬಂತು. ಅದೇ ಒಡಕು ಗಂಟೆ ಟಾಕೀಸಿನ ತುಂಬ ಬಡಿಯಿತು. ಅತ್ತೆ ಎದ್ದು ನಿಂತರು. ನಾನೂ ಎದ್ದು ನಿಂತೆ. ಎದ್ದದ್ದು ನನಗೇ ತಿಳಿಯಲಿಲ್ಲ. ಸೆರಗು ತಲೆ ಮೇಲೆ ಬಂದಿತ್ತು, ಕಣ್ಣು ನೆಲದ ಮೇಲಿತ್ತು, ನೆಲದ ಮೇಲೆ ಯಾರೋ ಚೆಲ್ಲಿದ ಶೇಂಗಾ ಸಿಪ್ಪೆ ಇತ್ತು. ಹಿಂದಿನಿಂದ ಶಂಕರಲಿಂಗ, "ಕೂಡ್ರಿ ಅಮ್ಮಾ, ನಮಗ ಕಾಣವಲ್ದು," ಎಂದು ಕೂಗಿದರು. ನಾವು ಕೂಡಲಿಲ್ಲ. ಮಾವ ದಾಟಿ ಹೋಗುವವರೆಗೆ ಹೇಗೆ ಕೂಡುವುದು? ಗಂಟೆ ನಿಂತ ಮೇಲೆ ಇಬ್ಬರೂ ಒಟ್ಟಿಗೆ ಕೂತೆವು. ಪರದೆಯ ಮೇಲೆ ಹೀರೋ ಹಾಡುತ್ತಿದ್ದ.

ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ. ಅಷ್ಟು ದೂರ ಹೋಗಿ, ಅಷ್ಟು ದೂರ ಬಂದು, ನೋಡಬೇಕಾದ್ದು ಬಂದಾಗ ನೆಲ ನೋಡಿದ್ದೆವು.

"ಬಂದ್ರೇನ, ರಾಜೇಶ್ವರಿ?" ಎಂದರು ಅತ್ತೆ.

ಹಿಂಡು ನಮ್ಮದೇ. ಅದರ ಹಿಂದೆ ಮಾವ ಇದ್ದರೋ, ಅಥವಾ ಸಿನಿಮಾದವರು ಕುರಿ ಪಡೆದು ಯಾರಿಗೋ ಬಡಿಗೆ ಕೊಟ್ಟು ನಡೆಸಿದ್ದರೋ? ನಾನು ಹಿಂದೆ ತಿರುಗಿ ಶಂಕರಲಿಂಗರನ್ನು, ಕುರಿ ಹಿಂದೆ ಯಾರಿದ್ದರು ಎಂದು ಕೇಳಿದೆ. ನೀವಿಬ್ಬರು ಗೋಡೆಯ ಹಾಗೆ ನಿಂತರೆ ನನಗೆ ಏನು ಕಾಣಬೇಕು ಎಂದು ಅವರು ಗದರಿದರು. ಆಚೆ ಬದಿಯ ಹೆಂಗಸು, ಒಬ್ಬ ಮುದುಕ ಇದ್ದ ಎಂದಳು. ಅವಳ ಗಂಡ, ಮುದುಕ ಅಲ್ಲ, ಹೀರೋನೇ ವೇಷ ಹಾಕಿದ್ದು ಎಂದ. ಮೂಲೆಯಲ್ಲಿದ್ದವನು, ಮನುಷ್ಯರೇ ಇರಲಿಲ್ಲ, ಬರೀ ಕುರಿ ಎಂದ. ಇವರೆಲ್ಲ ಕೂತು ನೋಡಿದವರು. ಕಣ್ಣಿದ್ದೂ ಏನು ಫಾಯದೆ?

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಎಲ್ಲರೂ ಸೀಟಿ ಹೊಡೆದರು. ನನ್ನ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ತಿಳಿಯದೆ ಕುರ್ಚಿಯ ಕೈ ಗುದ್ದಿದೆ. ಅದು ಮುರಿಯಿತು. ಅತ್ತೆ ಮೆಲ್ಲಗೆ, ಹೋಗಲಿ ಬಿಡು, ಜೀವ ಇದ್ದಾಗ ಹೇಳಿದ್ದನ್ನು ನಂಬಲಿಲ್ಲ, ಈಗ ನೋಡಬೇಕೆಂದರೆ ಹೇಗೆ ಸಿಗುತ್ತಾರೆ ಎಂದರು.

ಜನರೇಟರು ಗುಡುಗಿ ಕರೆಂಟು ಬಂತು. ಆದರೆ ಮಶೀನಿನವನು ಏನು ಒತ್ತಿದನೋ, ಸಿನಿಮಾ ಬಿಟ್ಟಲ್ಲಿಂದ ಬರದೆ ಹಿಂದಿನಿಂದ ಬಂತು. ಮತ್ತೆ ಅದೇ ಹೊಡೆತ, ಅದೇ ಅಳು. ಜನ ಗದ್ದಲ ಎಬ್ಬಿಸಿದರು. ನೋಡಿದ್ದನ್ನೇ ಎಷ್ಟು ಸಲ ತೋರಿಸುತ್ತೀ, ಮುಂದಕ್ಕೆ ಓಡಿಸು ಎಂದು ಮೇಲಿನ ಕಿಂಡಿಗೆ ಕೂಗಿದರು. ಅವನು ಮುಂದಕ್ಕೆ ಓಡಿಸಿದರೆ ಮುಗಿಯಿತು, ಇದು ಕೊನೆಯ ಆಟ. ನಾನು ಎದ್ದು, ಓಡಿಸಬೇಡ್ರಿ, ನಾವು ನೋಡಿಲ್ಲ ಎಂದು ಕೂಗಿದೆ. ಟಾಕೀಸಿನ ತುಂಬ ನಕ್ಕರು.

ಆಗ ಶಂಕರಲಿಂಗ ಎದ್ದು ನಿಂತರು. "ಏ, ಇದ್ದಂಗ ಬಿಡೋ," ಎಂದು ಗುಡುಗಿದರು. "ಇವರ ಸಲುವಾಗಿ ನಾನೂ ಆ ಕುರಿ ನೋಡಿಲ್ಲ. ರೊಕ್ಕ ಕೊಟ್ಟೇನಿ, ನೋಡೇ ಹೋಗಾಂವ."

ದಿನಾ ಹರಾಜು ಕೂಗಿ ಪಳಗಿದ ಅಡತಿ ಅಂಗಡಿಯವರ ಗಂಟಲು. ಗದ್ದಲ ತಣ್ಣಗಾಯಿತು. ಈ ಸಲ ಕೂತೇ ಇರಿ ಎಂದು ನಮಗೆ ತಾಕೀತು ಮಾಡಿ ಅವರು ಕೂತರು. ಅತ್ತೆ ಹೂಂ ಎಂದರು. ನಾನು ಅವರ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡೆ.

ಕೋಟೆ ಬಾಗಿಲು ಬಂತು. ಗಂಟೆ ಬಂತು. ಅತ್ತೆಯ ಸೆರಗು ನನ್ನ ಕೈಯಿಂದ ಜಾರಿತು. ಅವರು ಮತ್ತೆ ಎದ್ದು, ತಲೆ ತಗ್ಗಿಸಿ ನಿಂತುಬಿಟ್ಟಿದ್ದರು. ಇಡೀ ಬಾಳು ಕಲಿತದ್ದನ್ನು ಮೈ ಒಂದು ಮಾತಿಗೆ ಬಿಡುವುದಿಲ್ಲ. ನನ್ನ ಮೊಣಕಾಲೂ ಎದ್ದಿತು, ಕೈ ಸೆರಗಿಗೆ ಹೋಯಿತು. ಒಬ್ಬರಾದರೂ ನೋಡಬೇಕಲ್ಲ ಎಂದು ಹಲ್ಲು ಕಚ್ಚಿ ತಲೆ ಎತ್ತಿದೆ. ಮಾವನ ಎದುರು ತಲೆ ಎತ್ತಿದೆ.

ಧೂಳು, ಕುರಿ, ಮತ್ತೆ ಧೂಳು. ಆ ಧೂಳಿನೊಳಗಿಂದ ಒಂದು ಮುಖ ಬಂತು, ಗೋಡೆಯಷ್ಟು ದೊಡ್ಡದು. ಗೋಡೆಯ ಮೇಲಿನ ಫೋಟೋದಂತೆ ಇರಲಿಲ್ಲ. ಒಂದು ಗಳಿಗೆ ನನಗೆ ಯಾರೆಂದು ಹೊಳೆಯಲಿಲ್ಲ. ಆಮೇಲೆ ಆ ಮುಖ ನಕ್ಕಿತು. ಎಡಗಣ್ಣು ತುಸು ಮುಚ್ಚಿ, ಬಾಯಿ ಒಂದು ಬದಿಗೆ ಎಳೆದು. ನನ್ನ ಗಂಡ ಸುಳ್ಳು ಹೇಳುವಾಗ ಹಾಗೇ ನಗುತ್ತಾನೆ. ಜ್ಞಾನೇಶ್ವರನೇ ಮುದುಕನಾಗಿ ನನ್ನ ಮುಂದೆ ನಿಂತಂತಾಯಿತು. ನನ್ನ ಕಣ್ಣಲ್ಲಿ ಬಳಬಳನೆ ನೀರು ಬಂತು.

"ಮಾವನೇ ಅದಾರ್ರಿ ಅತ್ತಿ. ನಗಾಕತ್ತಾರ. ತಲಿ ಎತ್ರಿ," ಎಂದೆ.

ಅತ್ತೆ ಸೆರಗು ಹಿಂದಕ್ಕೆ ಸರಿಸಿ ಮೆಲ್ಲಗೆ ತಲೆ ಎತ್ತಿದರು. ಅಷ್ಟರಲ್ಲಿ ಮಾವ ತಿರುಗಿಬಿಟ್ಟಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಹಿಂಡಿನ ಹಿಂದೆ ಕೋಟೆ ಬಾಗಿಲು ದಾಟಿ ಆಚೆಗೆ ನಡೆದಿದ್ದರು. ಬರೀ ಬೆನ್ನು. ಇನ್ನೊಂದು ಗಳಿಗೆ ಮುಂಚೆ ಹೇಳಬಾರದಿತ್ತೇ ನಾನು?

ಹಿಂದಿನಿಂದ ಈ ಸಲ ಯಾರೂ ಕೂಡ್ರಿ ಎನ್ನಲಿಲ್ಲ. ಅತ್ತೆ ಆ ಬೆನ್ನು ಧೂಳಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದರು. ಹೀರೋ ಹಾಡು ಶುರು ಮಾಡಿದ ಮೇಲೆ ಕೂತರು.

"ಮಾರಿ ಕಾಣ್ಲಿಲ್ಲೇನ್ರಿ ನಿಮಗ," ಎಂದೆ.

"ದಿನಾ ಮುಂಜಾನೆ ಹಿಂಗ ಹೋಗೂದ ನೋಡ್ಕೋತ ಬಾಗಲದಾಗ ನಿಂದರತಿದ್ದೆ," ಎಂದರು ಅತ್ತೆ. "ಅವ್ರೇ."

ಆಮೇಲೆ ಬುತ್ತಿಯ ಬಟ್ಟೆಯಿಂದ ಮುಖ ಒರೆಸಿಕೊಂಡು, ಇನ್ನು ಮನೆಯಲ್ಲಿ ಯಾರೂ ಕೋಟೆ ಪಿಕ್ಚರು ಎನ್ನಬಾರದು ಎಂದು ಹೇಳಿದರು. ಮಧ್ಯಂತರಕ್ಕೂ ಮುಂಚೆ ನಾವು ಎದ್ದು ಹೊರಗೆ ಬಂದೆವು. ಸಿನಿಮಾದ ಕತೆ ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.