ಸಂತಪುರದ ಇಪ್ಪತ್ತು ನಿಮಿಷ

ಬೆಳಿಗ್ಗೆ 11 ಗಂಟೆ 40 ನಿಮಿಷ. ಸಂತಪುರದ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಕುರಿಗಾಹಿ ಮಡೆಪ್ಪನ ಫೋನಿನಲ್ಲಿ ಆಟ ತಡವರಿಸತೊಡಗಿತು.

ಆಟ ಶುರುವಾಗಿ ಒಂಬತ್ತು ನಿಮಿಷವಾಗಿತ್ತು. ತೆರೆಯ ಮೂಲೆಯಲ್ಲಿದ್ದ ಸಣ್ಣ ಅಂಕಿ 30ರಿಂದ 22ಕ್ಕೆ ಇಳಿಯಿತು, ಆಮೇಲೆ 14ಕ್ಕೆ. ಫೋನು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತಿದೆ ಎಂದು ತೋರಿಸುವ ಅಂಕಿ ಅದು. ಇಪ್ಪತ್ತೈದಕ್ಕಿಂತ ಕಡಿಮೆಯಾದರೆ ಆಟದ ಮನುಷ್ಯ ಕುಂಟುತ್ತಾನೆ.

“ಇಂವ ಯಾಕ ಲಂಗಡಾ ಆದ?” ಎಂದ ಮಡೆಪ್ಪ. “ಈಗ ಛಲೋ ಓಡ್ಲತಿದ್ದ.”

ಅವನ ಹಿಂದೆ ನಿಂತಿದ್ದ ಪ್ರಣಾಲಿ ವೇಳೆ ಮತ್ತು ಅಂಕಿ ಬರೆದುಕೊಂಡಳು. ಗೌರವ ಬರೆದುಕೊಳ್ಳಲಿಲ್ಲ.

ಇಬ್ಬರೂ ಬೀದರಿನ ಒಂದು ಬಾಡಿಗೆ ಕೋಣೆಯಲ್ಲಿ ಮೊಬೈಲ್ ಆಟ ತಯಾರಿಸುತ್ತಾರೆ. ಪ್ರಣಾಲಿ ಕೋಡ್ ಬರೆಯುತ್ತಾಳೆ, ಗೌರವ ಚಿತ್ರ ಮಾಡುತ್ತಾನೆ. ಈ ಆಟ ನಡೆಯುವುದು ನೆಲದಡಿಯ ಸುರಂಗ ಬಾವಿಗಳಲ್ಲಿ. ಮೇಲಿನ ಕಿಂಡಿಗಳಿಂದ ಬಿಸಿಲು ಇಳಿಯುತ್ತದೆ. ಆಡುವವನು ಆ ಬೆಳಕಿನ ಜಾಡು ಹಿಡಿದು ನೀರು ಹುಡುಕಬೇಕು. ಹೈದರಾಬಾದಿನ ಒಂದು ಕಂಪನಿ ಆಟವನ್ನು ತೆಗೆದುಕೊಳ್ಳಲು ಒಪ್ಪಿತ್ತು. ಷರತ್ತು ಒಂದೇ: ಎರಡು ಜಿಬಿ ಮೆಮೊರಿಯ ಅಗ್ಗದ ಫೋನಿನಲ್ಲಿ ಇಪ್ಪತ್ತು ನಿಮಿಷ ತಡವರಿಸದೆ ಓಡಬೇಕು. ಯಾವ ಎಂಜಿನ್ ಎಂಬುದನ್ನು ಇಂದು ನಾಲ್ಕು ಗಂಟೆಯೊಳಗೆ ತಿಳಿಸಬೇಕು. ಆಮೇಲೆ ಬದಲಿಸುವಂತಿಲ್ಲ.

ಎಂಜಿನ್ ಎಂದರೆ ತೆರೆಯ ಮೇಲೆ ಬೆಳಕು, ನೆರಳು, ಚಲನೆಯನ್ನು ಮೂಡಿಸುವ ತಂತ್ರಾಂಶ. ಅವರ ಮುಂದೆ ಎರಡಿದ್ದವು. ದೊಡ್ಡದರಲ್ಲಿ ಬೆಳಕು ಚಲಿಸುತ್ತದೆ, ಅದರೊಂದಿಗೆ ನೆರಳೂ. ಗೌರವ ಎಂಟು ತಿಂಗಳು ಕೂತು ಎಲ್ಲ ಸುರಂಗಗಳ ಬೆಳಕನ್ನು ಅದರಲ್ಲೇ ಮಾಡಿದ್ದ. ಈಗ ಮಡೆಪ್ಪನ ಫೋನಿನಲ್ಲಿ ತಡವರಿಸಿದ್ದು ಅದೇ. ಹಗುರಾದ ಎಂಜಿನ್ನಿಗೆ ಸಣ್ಣ ಫೋನಿನಲ್ಲಿ ಅಷ್ಟು ಬೆಳಕು ಹೊರುವ ಶಕ್ತಿ ಇಲ್ಲ. ಪ್ರಣಾಲಿ ಅದರಲ್ಲಿ ಹನ್ನೊಂದು ದಿನಗಳಲ್ಲಿ ಒಂದೇ ಒಂದು ಬೋಳು ಸುರಂಗ ಕಟ್ಟಿದ್ದಳು. ಅದನ್ನು ಆರಿಸಿದರೆ ಗೌರವನ ಎಂಟು ತಿಂಗಳು ಹೋದಂತೆ. ಹಾಗಾದರೆ ತಾನು ಈ ಕೆಲಸದಲ್ಲಿ ಇರುವುದಿಲ್ಲ ಎಂದು ಅವನು ಮಂಗಳವಾರವೇ ಹೇಳಿದ್ದ.

“ಭಾಲ್ಕಿಯಾಗ ಇದೇ ಮಾಡೆಲ್ ಫೋನಿನ ಮ್ಯಾಲ ಆಟ ಇಪ್ಪತ್ತು ನಿಮಿಷ ಓಡ್ಯದ,” ಎಂದ ಗೌರವ. “ಮೂರು ಫೋನ್ ಭಿ ಇಪ್ಪತ್ತೊಂಬತ್ತರ ಕೆಳಗ ಬಂದಿಲ್ಲ. ಈ ಫೋನೇ ಖರಾಬ ಅದ.”

“ನನ್ನ ಮಗಳು ಕೊಡಿಸ್ಯಾಳ,” ಎಂದ ಮಡೆಪ್ಪ. ಅವನ ಮಗಳು ಶೀತಲ, ಪ್ರಣಾಲಿಯ ಕಾಲೇಜಿನ ಗೆಳತಿ. “ಖರಾಬ ಅಂತ ಅಕಿ ಮುಂದ ಹೇಳಪಾ, ಧೈರ್ಯ ಇದ್ರ.”

ಭಾಲ್ಕಿಯ ಪರೀಕ್ಷೆ ರವಿವಾರ ಗೌರವನ ತಾಯಿಯ ತಂಗಿ ಕೌಸಲ್ಯಾಬಾಯಿಯ ಮನೆಯಲ್ಲಿ ನಡೆದಿತ್ತು. ಓಣಿಯ ಮೂವರು ಹುಡುಗರು ಬಂದು ಆಡಿದ್ದರು. ಪ್ರಣಾಲಿ ಹೋಗಿರಲಿಲ್ಲ. ಈಗ ಅವಳು ಕೌಸಲ್ಯಾಬಾಯಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ಮೌಶಿ, ರವಿವಾರ ಹುಡುಗರು ಆಡುವಾಗ ಮನಿ ಗರಂ ಇತ್ತೇನ್ರಿ?”

“ಗರಂ ಹ್ಯಾಂಗ ಇರ್ತದವ್ವಾ? ಮಂದಿ ಬಂದ್ರ ಕೂಲರ್ ಅವರ ಮಾರಿಗಿ ತಿರುಗಸ್ತೇವಲ್ಲ. ನಾವು ಮನಿ ಮಂದಿ ಹಿಂದ ಕುಂತು ಬೆವತೇವು. ಅದರಾಗ ಬರ್ಫ್ ಭಿ ಹಾಕಿದ್ದೆ. ಯಾಕ, ಗೌರವಗ ಥಂಡಿ ಆಗ್ಯದೇನು?”

“ಇಲ್ರಿ ಮೌಶಿ. ಆರಾಮ ಅದಾನ.”

ಗೌರವ ಮಡೆಪ್ಪನ ಕುರಿಗಳ ಕಡೆಗೆ ನೋಡುತ್ತಿದ್ದ. ಬಿಸಿಯಾದ ಫೋನು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಭಾಲ್ಕಿಯಲ್ಲಿ ಬಂದವರಿಗೆ ಮಾಡಿದ ಉಪಚಾರದಲ್ಲಿ ಮೂರು ಫೋನುಗಳು ಬಿಸಿಯಾಗಿರಲೇ ಇಲ್ಲ.

“ಬಿಸಿಲಾಗ ಯಾರ್ ಆಡ್ತಾರ?” ಎಂದ ಗೌರವ. “ಮಂದಿ ಸಂಜಿಗಿ ಮನ್ಯಾಗ ಕುಂತು ಆಡ್ತಾರ.”

“ನಾ ಆಡ್ತೇನಿ,” ಎಂದ ಮಡೆಪ್ಪ. “ಸಂಜಿಗಿ ಕುರಿ ಬಿಟ್ಟು ನಿನ್ನ ಸುರಂಗದಾಗ ಇಳೀಲೇನು? ಇವು ನೆರಳಿಗಿ ಮಲಗಿದಾಗೇ ನಂದು ಟೈಮು.”

ಗೌರವ ಪ್ರಣಾಲಿಯ ಕಡೆಗೆ ತಿರುಗಿದ. “ನಿಂದು ಭಿ ಇಲ್ಲೇ ಓಡಸು. ಇದೇ ಫೋನಿನ ಮ್ಯಾಲ.”

ಕೇಳಿದ್ದು ನ್ಯಾಯವಾಗಿತ್ತು. ಆದರೆ ಫೋನಿನ ಉಷ್ಣತೆ 47 ಡಿಗ್ರಿ ಇತ್ತು. ಮೊದಲ ಪರೀಕ್ಷೆ 41ರಲ್ಲಿ ಶುರುವಾಗಿತ್ತು. ಎರಡನೆಯದೂ ಅಲ್ಲಿಂದಲೇ ಶುರುವಾಗಬೇಕು.

“ಕೊಡದಾಗಿನ ನೀರಾಗ ಅದ್ದಿ ತೆಗೀಲೇನು?” ಎಂದ ಮಡೆಪ್ಪ.

“ಬ್ಯಾಡ್ರಿ ಕಾಕಾ!” ಇಬ್ಬರೂ ಒಟ್ಟಿಗೆ ಕೂಗಿದರು. ಆ ದಿನ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಫೋನು ಆರಲು ಐವತ್ತು ನಿಮಿಷ ಹಿಡಿಯಿತು. 12 ಗಂಟೆ 35ಕ್ಕೆ ಮಡೆಪ್ಪ ಬೋಳು ಸುರಂಗದೊಳಗೆ ಇಳಿದ. ಹತ್ತನೆಯ ನಿಮಿಷದವರೆಗೆ ಅಂಕಿ 30ರಲ್ಲೇ ಇತ್ತು. ಹದಿನಾಲ್ಕನೆಯ ನಿಮಿಷಕ್ಕೆ 26ಕ್ಕೆ ಬಂತು. ಗೌರವ ಮಂಡಿಯೂರಿ ಮುಂದಕ್ಕೆ ಬಾಗಿದ. ಪ್ರಣಾಲಿಯ ಪೆನ್ನು ಕಾಗದದ ಮೇಲೆ ನಿಂತಿತು. 26. ಮತ್ತೆ 26. ಆಮೇಲೆ 28. ಇಪ್ಪತ್ತು ನಿಮಿಷ ಮುಗಿಯುವವರೆಗೆ ಅದಕ್ಕಿಂತ ಕೆಳಗೆ ಬರಲಿಲ್ಲ.

“ಯಾವುದು ಛಲೋ ಅನಸ್ತದ್ರಿ ಕಾಕಾ?” ಎಂದು ಕೇಳಿದವನು ಗೌರವ.

ಮಡೆಪ್ಪ ಫೋನನ್ನು ಅಂಗಿಗೆ ಒರೆಸಿದ. “ಖರೆ ಹೇಳ್ಲೇನು? ಇದು ಸಪ್ಪ ಅದ. ನಿಂದರಾಗ ಬಿಸಿಲು ಬಿಸಿಲಿನ್ಹಂಗೇ ಇತ್ತು. ಆದ್ರ ನಡುವೇ ನಿಂತು ಬಿಡ್ತದ. ನಿಂತಿದ್ದು ತಗೊಂಡು ಏನ್ ಮಾಡ್ಲಿ?”

1 ಗಂಟೆ 50ರ ಬೀದರ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಕೋಣೆ ಸೇರಿದಾಗ 3 ಗಂಟೆ 20. ಪ್ರಣಾಲಿ ಕಂಪನಿಯ ಅರ್ಜಿ ತೆರೆದಳು. ಎಂಜಿನ್ನಿನ ಹೆಸರು ಬರೆಯುವ ಜಾಗ ಖಾಲಿ ಇತ್ತು.

“ಬೆಳಕು ಅರ್ಧಕ್ಕ ಇಳಸ್ತೇನಿ,” ಎಂದ ಗೌರವ. “ದೊಡ್ಡದೇ ಇರಲಿ. ಎರಡು ವಾರ ಕೊಡು.”

“ಅರ್ಧಕ್ಕ ಇಳಸಿದ್ರ ಇಪ್ಪತ್ತು ನಿಮಿಷ ಓಡ್ತದಂತ ಬರದು ಕೊಡ್ತೀಯೇನು?”

ಅವನು ಕಂಪ್ಯೂಟರಿನಲ್ಲಿ ತನ್ನ ಸುರಂಗದ ಚಿತ್ರ ತೆರೆದ.

“ಕೊಡ್ತೀ ಅಂದ್ರ ದೊಡ್ಡದರ ಹೆಸರೇ ಬರೀತೇನಿ ಗೌರವ. ನಿನ್ನ ಮಾತಿನ ಮ್ಯಾಲ.”

ಕೆಳಗಿನ ಅಂಗಡಿಯವನು ಷಟರ್ ಎತ್ತಿದ ಸದ್ದು ಕೇಳಿತು. 3 ಗಂಟೆ 46.

“ಓಡ್ತದೋ ಇಲ್ಲೋ ನನಗ ಗೊತ್ತಿಲ್ಲ,” ಎಂದ ಗೌರವ.

3 ಗಂಟೆ 52ಕ್ಕೆ ಪ್ರಣಾಲಿ ಹಗುರಾದ ಎಂಜಿನ್ನಿನ ಹೆಸರು ಬರೆದು ಕಳಿಸಿದಳು. ಗೌರವ ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ. ಸಂಜೆ ಅವಳು ಎರಡು ಸಲ ಫೋನ್ ಮಾಡಿದಳು, ಅವನು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಅವನು ಬಂದು ತನ್ನ ಕುರ್ಚಿಯಲ್ಲಿ ಕೂತ, ಪ್ರಣಾಲಿಯ ಬೋಳು ಸುರಂಗ ತೆರೆದು, ಕಿಂಡಿಯ ಬಿಸಿಲು ಬೀಳಬೇಕಾದ ಗೋಡೆಗೆ ಹಳದಿ ಬಣ್ಣ ಬಳಿಯತೊಡಗಿದ.