ಸುಣ್ಣ ಬೆಲ್ಲಕ್ಕೆ ಬಗ್ಗದ ಮುಳ್ಳು

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಯಾರ ಕೈಕಾಲಿಗೆ ಮುಳ್ಳು ಹೊಕ್ಕರೂ ಮೊದಲು ಒತ್ತುವುದು ನನ್ನ ಮನೆಯ ಬೆಲ್ಲು. ಗೇಟಿನ ಎದುರಿಗೇ ಕ್ಲಿನಿಕ್ ಇದೆ, ಆದರೆ ಒಂದು ಸಿಬಿರಿಗಾಗಿ ಅಲ್ಲಿ ಸಾಲು ಹಿಡಿದು ಕೂರುವವರು ಯಾರು? ನಾನಾದರೆ ಬಂದವರ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಎಲ್ಲಿ ಹೋಗಿದ್ದೆ?" ಎಂದು ಕೇಳುತ್ತೇನೆ. ಅದೇ ನನ್ನ ಮೊದಲ ಮದ್ದು.

ಚುಚ್ಚಿದ್ದು ಏನೆಂದು ತಿಳಿಯದೆ ಸೂಜಿ ಹಿಡಿಯಬಾರದು ಎಂದು ಪೆರ್ಡೂರಿನಲ್ಲಿ ನನ್ನ ಅಜ್ಜಿ ಕಲಿಸಿದ್ದು. ಹಿಡಿಸೂಡಿ ಪೊರಕೆಯ ಕಡ್ಡಿಯಾದರೆ ಸುಲಭ, ಸೂಜಿಯ ತುದಿಗೇ ಬರುತ್ತದೆ. ಬಿದಿರು ಒಳಗೇ ಮುರಿಯುತ್ತದೆ, ಅದಕ್ಕೆ ಸುಣ್ಣ ಬೆಲ್ಲ ಕಲಸಿ ಪಟ್ಟು ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಎಕ್ಕದ ಹಾಲು. ಸುಣ್ಣ ಪಾನ್ ಅಂಗಡಿಯಲ್ಲಿ ಸಿಗುತ್ತದೆ. ಎಕ್ಕದ ಗಿಡ ಎಂಐಡಿಸಿ ಕೈಗಾರಿಕಾ ಪ್ರದೇಶದ ದೊಡ್ಡ ನೀರಿನ ಪೈಪಿನ ಬದಿಯಲ್ಲಿ ಬೇಕಾದಷ್ಟಿದೆ, ಫ್ಯಾಕ್ಟರಿಯ ಹೊಗೆ ಕುಡಿದು ಇನ್ನೂ ಸೊಕ್ಕಿ ಬೆಳೆದಿದೆ.

ಹೀಗೆ ಕೇಳಿ ಕೇಳಿ ನನಗೆ ಯಾರ ಮಾತನ್ನೂ ಮೊದಲ ಸಲಕ್ಕೆ ನಂಬುವ ಅಭ್ಯಾಸ ಇಲ್ಲ. ಪಾರ್ಕಿನಲ್ಲಿ ಆಡುವಾಗ ಚುಚ್ಚಿತು ಎಂದವರ ಅಂಗಾಲಿನಿಂದ ಪಕ್ಕದ ಸೊಸೈಟಿಯ ಬೇಲಿಯ ಮುಳ್ಳು ತೆಗೆದಿದ್ದೇನೆ. ನನ್ನ ಗಂಡ ಪುಂಡರೀಕಾಕ್ಷರು ಕಲ್ಯಾಣದಲ್ಲಿ ಶಾಕಾಹಾರಿ ಹೋಟೆಲು ನಡೆಸುವವರು, ಮಾತು ಕಡಿಮೆ. ಅವರು ಕೂಡ ಒಮ್ಮೆ, "ವನಮಾಲಾ, ನೀನು ಪೊಲೀಸ್ ಸ್ಟೇಷನ್ನಿನಲ್ಲಿರಬೇಕಿತ್ತು" ಎಂದಿದ್ದರು. ಅದು ಹೊಗಳಿಕೆಯಲ್ಲ ಎಂದು ನನಗೂ ಗೊತ್ತು.

ಆ ಭಾನುವಾರ ಗಂಡ, ಮಗಳು ಇಬ್ಬರೂ ಬೆಳಿಗ್ಗೆಯೇ ಹೊರಗೆ ಹೋಗಿದ್ದರು. ಠಾಣೆ ಶಹರದಲ್ಲಿ ಸಂಘದ ಮೀಟಿಂಗ್ ಎಂದು ಗಂಡ ಹೇಳಿದ್ದರು. ಮಗಳು ಸಂಜನಾ ಸೀವುಡ್ಸ್‌ನಲ್ಲಿ ಕೆಲಸ ಮಾಡುವವಳು, ಆಫೀಸಿನ ಗೆಳತಿಯ ಬರ್ತ್‌ಡೇ ಎಂದಿದ್ದಳು. ಸಂಜೆ ಮೊದಲು ಗಂಡ ಬಂದರು. ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಒಳಗೆ ತಾರದೆ ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟರು.

"ಚೀಲದಲ್ಲಿ ಎಂತದು?" ಎಂದೆ.

"ಮೀಟಿಂಗಿನ ಕಾಗದ ಮಾರಾಯ್ತಿ," ಎಂದು ಪೇಪರು ಹಿಡಿದು ಕೂತರು.

ಸ್ವಲ್ಪ ಹೊತ್ತಿನ ಮೇಲೆ ಸಂಜನಾ ಬಂದಳು, ಬಲಗೈಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು. ನಾನು ಬಿಡುತ್ತೇನೆಯೇ? ಎಳೆದು ನೋಡಿದೆ. ತೋರುಬೆರಳು ಕೆಂಪಾಗಿ ಬಾತಿತ್ತು.

"ಏನೂ ಇಲ್ಲ ಅಮ್ಮಾ. ಠಾಣೆ ಮೇ ಗಾಡೀ ಚೇಂಜ್ ಕರತೇ ಟೈಮ್ ಕಿಸೀ ಕೀ ಟೋಕರೀ ಲಗ್ ಗಯೀ. ಬಾಂಬೂ ಹೈ," ಎಂದಳು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಯಾರದೋ ಬಿದಿರ ಬುಟ್ಟಿ ತಾಗಿತಂತೆ. ಈ ಹುಡುಗಿಗೆ ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಸುಳ್ಳು ಹೇಳುವಾಗ ಪೂರಾ ಹಿಂದಿ.

ಭಾನುವಾರ ಸಂಜೆ ಲೇಡೀಸ್ ಡಬ್ಬಿಯಲ್ಲಿ ಬುಟ್ಟಿ ಹೊತ್ತವರು ಯಾರು? ಬುಟ್ಟಿ ತಾಗಿದರೆ ತೋಳಿಗೆ ತಾಗಬೇಕು, ಬೆರಳ ತುದಿಗೆ ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಎರಡೂ ಕೈಗಳು ಲಿಂಬೆಹಣ್ಣಿನ ವಾಸನೆ ಹೊಡೆಯುತ್ತಿದ್ದವು. ಬರ್ತ್‌ಡೇ ಕೇಕಿಗೆ ಯಾರೂ ಲಿಂಬೆ ಹಿಂಡುವುದಿಲ್ಲ.

ಪೇಪರಿನ ಹಿಂದಿನಿಂದ ಗಂಡ, "ಬಿಸಿನೀರಲ್ಲಿ ಕೈ ಮುಳುಗಿಸಿಡು ಅವಳದ್ದು. ತಡೆಯುವಷ್ಟು ಬಿಸಿ," ಎಂದರು.

"ಮುಳ್ಳಿಗೆ ಬಿಸಿನೀರು ಯಾವ ಊರಿನ ಮದ್ದು? ನೀವು ಸುಮ್ಮನಿರಿ. ಇದು ನಿಮ್ಮ ಹೋಟೆಲಿನ ಸಾಂಬಾರಲ್ಲ."

ನಾನು ಸೂಜಿ ಕಾಯಿಸಿ ಬೆರಳಿನ ಚರ್ಮ ಬಿಡಿಸಿದೆ. ಒಂದು ಸಣ್ಣ ಚೂರು ಬಂತು. ಉಳಿದದ್ದು ಬರಲಿ ಎಂದು ಸುಣ್ಣ ಬೆಲ್ಲ ಮೆತ್ತಿ ಕಟ್ಟಿದೆ. ಯಾವ ಮುಳ್ಳಾದರೂ ಪಟ್ಟು ಹಾಕಿದ ಮೇಲೆ ತಣ್ಣಗಾಗಬೇಕು. ಇವಳಿಗೆ ನೋವು ಮಣಿಕಟ್ಟಿನವರೆಗೆ ಏರಿತು. ಎಂದೂ ಅಳದವಳು ಸೋಫಾದ ಮೂಲೆಯಲ್ಲಿ ಮುದುಡಿ ಅಳತೊಡಗಿದಳು. ತಟ್ಟೆ ಹಾಕಲೇ ಎಂದರೆ ಅವಳಿಗೂ ಹಸಿವಿಲ್ಲ, ಅವಳ ಅಪ್ಪನಿಗೂ ಹಸಿವಿಲ್ಲ. ಸಂಘದವರು ಚಹಾ ಬಿಸ್ಕೆಟಿನ ಮೇಲೆ ಬೇರೇನೂ ಕೊಡುವವರಲ್ಲ ಎಂದು ನನಗೆ ಗೊತ್ತಿಲ್ಲವೇ?

ನನಗೆ ಹೆದರಿಕೆ ಹುಟ್ಟಿತು. ಯಾರಾದರೂ ಇಂಜೆಕ್ಷನ್ ಚುಚ್ಚಿರಬಹುದೇ? ಎಂಥವರ ಸಹವಾಸವೋ ಎಂದು ಮನಸ್ಸು ಎಲ್ಲೆಲ್ಲಿಗೋ ಓಡಿತು. ತೆಗೆದ ಚೂರನ್ನು ಸ್ಟೀಲು ತಟ್ಟೆಗೆ ಹಾಕಿ ದೀಪದ ಕೆಳಗೆ ಹಿಡಿದೆ. ಬಿದಿರಿಗೆ ನಾರು ಇರುತ್ತದೆ, ಇದಕ್ಕಿಲ್ಲ. ಮಾಸಲು ಬಿಳಿ, ಒಂದು ಬದಿಗೆ ಗರಗಸದಂತೆ ಹಲ್ಲು. ಇಷ್ಟು ವರ್ಷ ಮುಳ್ಳು ತೆಗೆದವಳು ನಾನು, ಇಂಥದ್ದನ್ನು ಕಂಡೇ ಇರಲಿಲ್ಲ.

ತಟ್ಟೆ ಹಿಡಿದು ಎದುರು ಮನೆಯ ಮೋಹಿನಿಯ ಬಾಗಿಲು ತಟ್ಟಿದೆ. ಮಲ್ಪೆಯವಳು, ಮೀನು ತಿನ್ನುವ ಮನೆ. ನಾನು ಪಾಯಸ, ಪತ್ರೊಡೆ ಕೊಟ್ಟ ಪಾತ್ರೆಯನ್ನು ಖಾಲಿ ಕೊಡಬಾರದೆಂದು ಅವಳು ಸಕ್ಕರೆಯನ್ನೋ ತೆಂಗಿನಕಾಯಿಯನ್ನೋ ಇಟ್ಟು ಮರಳಿಸುತ್ತಾಳೆ, ಬೇಯಿಸಿದ್ದನ್ನು ಎಂದೂ ಇಟ್ಟವಳಲ್ಲ. ನಾನು ಬೇಡ ಎಂದು ಬಾಯಿಬಿಟ್ಟು ಹೇಳಿದವಳೂ ಅಲ್ಲ, ಅವಳೇ ತಿಳಿದು ನಡೆಯುತ್ತಾಳೆ.

ಮೋಹಿನಿ ಚೂರನ್ನು ಉಗುರಿನಲ್ಲಿ ಹೊರಳಿಸಿ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಇದು ಎಲ್ಲಿ ಸಿಕ್ಕಿತು ವನಮಾಲಕ್ಕ? ಇದು ಮರ ಅಲ್ಲ, ಮೀನಿನ ಮುಳ್ಳು. ತೇಡೆ ಅಂತ ನಾವು ಹೇಳುದು, ಇಲ್ಲಿಯವರು ಶಿಂಗಾಡಾ ಅಂತಾರೆ. ಅದರ ರೆಕ್ಕೆಯ ಬುಡದಲ್ಲಿ ಇರ್ತದೆ, ವಿಷದ್ದು. ಕ್ಲೀನ್ ಮಾಡುವಾಗ ಗೊತ್ತಿಲ್ಲದವರಿಗೆ ಚುಚ್ಚಿಯೇ ಚುಚ್ತದೆ."

"ಲಿಂಬೆಹಣ್ಣು?"

"ಮತ್ತೆ? ಮೀನು ಮುಟ್ಟಿದ ಕೈಗೆ ಲಿಂಬೆ ತಿಕ್ಕದಿದ್ರೆ ವಾಸನೆ ಹೋಗ್ತದಾ?" ಅವಳ ದನಿ ತಗ್ಗಿತು. "ಇದಕ್ಕೂ ಸುಣ್ಣ ಹಾಕಿದ್ರಾ? ಅಯ್ಯೋ ದೇವ್ರೇ, ಮೊದಲು ತೊಳೀರಿ ಅದನ್ನು. ಬಿಸಿನೀರಲ್ಲಿ ಕೈ ಮುಳುಗಿಸಿ, ತಡೆಯುವಷ್ಟು ಬಿಸಿ. ಬೇರೆ ಯಾವ ಮುಳ್ಳಿಗೂ ಅಲ್ಲ, ಇದಕ್ಕೇ ಆ ಮದ್ದು. ಮತ್ತೆ ಡಾಕ್ಟ್ರಿಗೆ ತೋರಿಸಿ."

ತಡೆಯುವಷ್ಟು ಬಿಸಿ. ನಾನು ಪ್ಯಾಸೇಜಿನಲ್ಲಿ ನಿಂತುಬಿಟ್ಟೆ. ಈರುಳ್ಳಿ ಹೆಚ್ಚಿದ ಚಾಕುವನ್ನೂ ದೇವರ ನೈವೇದ್ಯಕ್ಕೆ ಮುಟ್ಟಿಸದ ನನ್ನ ಗಂಡನಿಗೆ ಮೀನಿನ ಮುಳ್ಳಿನ ಮದ್ದು ಹೇಳಿಕೊಟ್ಟವರು ಯಾರು?

ಒಳಗೆ ಹೋಗಿ ಏನೂ ಕೇಳಲಿಲ್ಲ. ನೀರು ಕಾಯಿಸಿದೆ, ಪಟ್ಟು ತೊಳೆದೆ. ಮೊದಲು ನನ್ನ ಕೈ ಅದ್ದಿ ನೋಡಿ, ಆಮೇಲೆ ಅವಳ ಕೈಯನ್ನು ಪಾತ್ರೆಯೊಳಗೆ ಹಿಡಿದೆ. ನೀರು ಆರಿದಾಗ ಮತ್ತೆ ಬಿಸಿ ಬೆರೆಸಿದೆ. ಅಳು ನಿಂತ ಮೇಲೆ, "ಯಾರ ಮನೆಯ ಮೀನು?" ಎಂದೆ.

ಅವಳು ಅಪ್ಪನನ್ನು ನೋಡಿದಳು. ಅವರು ಪೇಪರು ಕೆಳಗಿಟ್ಟರು.

"ಜಯೇಶ್ ಅಂತ, ಇವಳ ಆಫೀಸಿನವನು. ನಮ್ಮ ಊರ ಕಡೆಯವರೇ, ಕಾಪುವಿನವರು. ಒಳ್ಳೆ ಜನ," ಎಂದರು. "ಮದುವೆ ಮಾತಾಡ್ಲಿಕ್ಕೆ ಕರೆದಿದ್ರು, ಹೋಗಿದ್ದೆವು. ಬರುವಾಗ ಬೇರೆ ಬೇರೆ ಬಂದೆವು."

"ಮೀನು ಮೈನೇ ಹೀ ಮಾಂಗಾ ಸಾಫ್ ಕರನೇ ಕೋ. ಸೀಖನಾ ಥಾ," ಎಂದಳು ಮಗಳು. ಕಲಿಯಬೇಕೆಂದು ತಾನೇ ಕೇಳಿ ಮೀನು ಕ್ಲೀನ್ ಮಾಡಲು ಕೂತದ್ದಂತೆ. ಆಮೇಲೆ ಅವಳ ಬಾಯಿಂದ ಅಪರೂಪಕ್ಕೆ ಕನ್ನಡ ಬಂತು. "ಅವನ ಅಮ್ಮ ಬಿಸಿನೀರು ಕೊಟ್ಟಿದ್ರು. ಇನ್ನೂ ಇಡು ಅಂದ್ರು. ನಾನೇ ಬೇಗ ಹೊರಟೆ. ಲೇಟ್ ಆದ್ರೆ ನೀನು ಕೇಳ್ತೀಯಲ್ಲ ಅಮ್ಮಾ."

ನನಗೆ ಸಿಟ್ಟು ಬರಬೇಕಿತ್ತು. ಜಾತಿ, ಮಡಿ, ನೆಂಟರ ಬಾಯಿ, ಎಲ್ಲವೂ ಸಾಲಾಗಿ ನಿಂತಿದ್ದವು. ಆದರೆ ಅವೆಲ್ಲಕ್ಕಿಂತ ಮುಂದೆ ನಿಂತದ್ದು ಒಂದೇ. ನನ್ನ ಪ್ರಶ್ನೆಗೆ ಹೆದರಿ ನನ್ನ ಮಗಳು ಸರಿಯಾದ ಮದ್ದನ್ನು ಅರ್ಧಕ್ಕೆ ಬಿಟ್ಟು, ಆ ನೋವಿನಲ್ಲಿ ಎರಡು ಗಾಡಿ ಹತ್ತಿ ಬಂದು, ನನ್ನ ಸುಣ್ಣಕ್ಕೆ ಬೆರಳು ಒಡ್ಡಿದ್ದಳು. ನನಗೆ ಬಹಳ ದುಃಖವಾಯಿತು.

"ಆ ಅಮ್ಮನ ನಂಬರು ಒತ್ತು," ಎಂದೆ.

ಗಂಡ ಎದ್ದು ನಿಂತರು. "ಈಗ ಬೇಡ ವನಮಾಲಾ, ಜಗಳ..."

"ಒತ್ತು ಅಂದೆ."

ಮಗಳು ಎಡಗೈಯಲ್ಲಿ ಒತ್ತಿ ಕೊಟ್ಟಳು. ಆ ಕಡೆ ಜಯೇಶನ ತಾಯಿ ವಸಂತಿ. ನಾನು ಯಾರೆಂದು ಹೇಳಿದೆ.

"ನೀರಲ್ಲಿ ಇನ್ನೆಷ್ಟು ಹೊತ್ತು ಇಡಬೇಕು ಇವಳ ಕೈ?" ಎಂದು ಕೇಳಿದೆ. ನನ್ನ ಆಯುಷ್ಯದಲ್ಲಿ ಮುಳ್ಳಿನ ವಿಷಯ ನಾನು ಬೇರೆಯವರನ್ನು ಕೇಳಿದ್ದು ಅದೇ ಮೊದಲು.

"ನೋವು ಪೂರ್ತಿ ಇಳಿಯುವವರೆಗೆ, ಅಕ್ಕ. ತಪ್ಪು ನಂದೇ. ಮುಳ್ಳು ಕಡಿದು ಕೊಡ್ಬೇಕಿತ್ತು ಹುಡುಗಿಗೆ," ಎಂದರು. ಆಮೇಲೆ ಮೆಲ್ಲಗೆ, "ಗುಳ್ಳ ಬದನೆಯ ಹುಳಿ ನಿಮಗೆ ಹಿಡಿಸ್ತಾ? ಹೊಸ ಪಾತ್ರೆ ತಂದು ಬೇರೆ ಒಲೆಯಲ್ಲೇ ಮಾಡಿದ್ದು. ನಿಮ್ಮ ಪಾಲಿಂದು ಕಟ್ಟಿ ಕೊಟ್ಟಿದ್ದೆ."

ನಾನು ಗಂಡನ ಕಡೆ ನೋಡಿದೆ. ಅವರು ಬಾಗಿಲ ಕಡೆ ನೋಡಿದರು.

"ಸಿಕ್ಕಿತು," ಎಂದೆ ಫೋನಿಗೆ. "ಚೆನ್ನಾಗಿತ್ತು."

ಫೋನು ಇಟ್ಟ ಮೇಲೆ ಗಂಡ ಹೊರಗೆ ಹೋಗಿ ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಚೀಲ ತಂದು ಮೇಜಿನ ಮೇಲೆ ಇಟ್ಟರು. ಒಳಗೆ ಸ್ಟಿಕ್ಕರು ಕೂಡ ಕೀಳದ ಹೊಸ ಸ್ಟೀಲು ಡಬ್ಬಿ. ಸಂಜನಾಳ ಕೈ ಒರೆಸಿ, ಕ್ಲಿನಿಕ್ಕಿಗೆ ಹೊರಡುವ ಮೊದಲು ನಾನು ಮುಚ್ಚಳ ತೆಗೆದೆ.

ಮೂಸಿ ನೋಡಿದೆ. ಆಮೇಲೆ ತಿಂದೆ.